ಇಪ್ಪತ್ತೇಳೂವರೆಯಿಂದ ಇಪ್ಪತ್ತೆಂಟೂವರೆಯವರೆಗೆ

ಕಳೆದ ತಿಂಗಳು ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಬಣ್ಣ ಬಳಿಸುವ ಸಲುವಾಗಿ ಕಪಾಟುಗಳನ್ನೆಲ್ಲ ಖಾಲಿ ಮಾಡಿಸಿದರು. ನನಗೂ ಲ್ಯಾಬಿಗೂ ಏನೂ ಸಂಬಂಧವಿಲ್ಲ. ನಾನು ಸ್ಟಾಟಿಸ್ಟಿಕ್ಸ್ ಕಲಿಸುವವಳು, ನನಗೆ ಬೇಕಾದದ್ದು ಒಂದು ಬೋರ್ಡು, ಒಂದು ಚಾಕ್‌ಪೀಸು. ಆದರೆ ಕಡಬದ ನಮ್ಮ ಕಾಲೇಜಿನಲ್ಲಿ ಕೈ ಖಾಲಿ ಇದ್ದವರನ್ನು ಸುಮ್ಮನೆ ಕೂರಲು ಬಿಡುವ ಪದ್ಧತಿ ಇಲ್ಲ. ಸಾಮಾನಿನ ಪಟ್ಟಿ ಬರೆಯಲು ನನ್ನನ್ನು ಕೂರಿಸಿದರು. ಅಟೆಂಡರ್ ಅಕ್ಕ ಒಂದೊಂದೇ ಎತ್ತಿ ತೋರಿಸುತ್ತಿದ್ದಳು, ನಾನು ಗೊಣಗುತ್ತ ಬರೆದುಕೊಳ್ಳುತ್ತಿದ್ದೆ. ಹತ್ತಿ ಸುತ್ತಿ ಇಟ್ಟ ಒಂದು ಗಾಜಿನ ಕೊಳವೆಯನ್ನು ಎತ್ತಿ, "ಇದೆಂತ ಮೇಡಂ, ಜ್ವರ ನೋಡುದಾ?" ಎಂದು ಕೇಳಿದಳು.

ಕೆಳಗೆ ಉಬ್ಬಿದ ಹೊಟ್ಟೆ, ಅದರೊಳಗೆ ಸೀಸದ ಗುಂಡುಗಳು, ಮೇಲೆ ಸಪೂರ ಕತ್ತು, ಕತ್ತಿನೊಳಗೆ ಅಂಕಿ ಬರೆದ ಕಾಗದದ ಪಟ್ಟಿ. ನಾನು ಕೈಯಲ್ಲಿ ಹಿಡಿದು ನೋಡಲೂ ಹೋಗಲಿಲ್ಲ. ‘ಲ್ಯಾಕ್ಟೋಮೀಟರ್, ಒಂದು’ ಎಂದು ಬರೆದೆ. ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿ ಎದ್ದು ಬಂದೆ…

ಇಂಥದ್ದೇ ಒಂದನ್ನು ಹಿಡಿದುಕೊಂಡು ನಾನು ಒಂದೂವರೆ ತಿಂಗಳು ನೆಲ್ಯಾಡಿಯ ಹತ್ತಿರ ನಮ್ಮ ಊರಿನ ಹಾಲಿನ ಸೊಸೈಟಿಯಲ್ಲಿ ಕೂತಿದ್ದೆ. ಆಗ ಪುತ್ತೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ಕೊನೆಯ ವರ್ಷಕ್ಕೆ ಮುಂಚಿನ ರಜೆ. ಆ ಒಂದೂವರೆ ತಿಂಗಳಲ್ಲಿ ನಾನು ಒಬ್ಬರ ಹೆಸರು ಕೆಡಿಸಿದೆ. ಅವರನ್ನು ನಾವೆಲ್ಲ ಚೇಚಿ ಎಂದು ಕರೆಯುತ್ತಿದ್ದೆವು. ಮಲಯಾಳದಲ್ಲಿ ಚೇಚಿ ಎಂದರೆ ಅಕ್ಕ. ನಮ್ಮ ಅಮ್ಮನಿಗೂ ಅವರು ಚೇಚಿ, ನನಗೂ ಚೇಚಿ, ಊರಿನ ಅಜ್ಜಂದಿರಿಗೂ ಚೇಚಿ.

ನಾನು ಹುಟ್ಟುವ ಮೊದಲೇ ಅವರು ಗಂಡನ ಜೊತೆ ಕೇರಳದಿಂದ ಬಂದು ನೆಲೆಸಿದ್ದರು. ಗಂಡ, ಊರಿಗೆಲ್ಲ ಚೇಟ್ಟ ಅಂದರೆ ಅಣ್ಣ, ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು. ಮಕ್ಕಳಿರಲಿಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಕಾಲುದಾರಿ ಅಷ್ಟೆ. ಅಮ್ಮನದ್ದು ತುಳು, ಚೇಚಿಯದ್ದು ಮಲಯಾಳ. ಇಬ್ಬರೂ ಸೇರಿದರೆ ಯಾರದ್ದೂ ಅಲ್ಲದ ಒಂದು ಕನ್ನಡದಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಮ್ಮ ಮನೆಯಲ್ಲಿ ಅಮ್ಮನ ಹೊಲಿಗೆ ಮೆಷಿನು ದಿನವಿಡೀ ಕಟಕಟ ಎನ್ನುತ್ತಿದ್ದುದರಿಂದ ನಾನು ಓದಿದ್ದೆಲ್ಲ ಚೇಚಿಯ ಜಗಲಿಯಲ್ಲಿ. ಅವರು ಬೇಯಿಸಿದ ಮರಗೆಣಸನ್ನೂ ಗಾಂಧಾರಿ ಮೆಣಸಿನ ಚಟ್ನಿಯನ್ನೂ ತಟ್ಟೆಯಲ್ಲಿ ತಂದಿಟ್ಟು ಸದ್ದು ಮಾಡದೆ ಒಳಗೆ ಹೋಗುತ್ತಿದ್ದರು. ಓದುವ ಹುಡುಗಿಯನ್ನು ಮಾತಾಡಿಸಬಾರದು ಎಂಬ ನಿಯಮ ಅವರು ತಾವೇ ಮಾಡಿಕೊಂಡದ್ದು.

ನಾನು ಸ್ಟಾಟಿಸ್ಟಿಕ್ಸ್ ತೆಗೆದುಕೊಂಡಾಗ ಅದು ಎಂತದು ಎಂದು ಊರಿನಲ್ಲಿ ಕೇಳಿದವರು ಅವರೊಬ್ಬರೇ. ನಾನು ದೊಡ್ಡ ಪಂಡಿತೆಯ ಹಾಗೆ, "ಒಂದು ಹಿಡಿ ಅಕ್ಕಿ ತೆಗೆದು ನೋಡಿ ಇಡೀ ಮುಡಿ ಹೇಗುಂಟು ಅಂತ ಹೇಳುದು ಚೇಚಿ" ಎಂದಿದ್ದೆ.

ಅವರು ಸ್ವಲ್ಪ ಹೊತ್ತು ಯೋಚಿಸಿ ಕೇಳಿದ್ದರು: "ಆ ಹಿಡಿ ಮುಡಿಯ ಯಾವ ಕಡೆಯಿಂದ ತೆಗೆದದ್ದು ಅಂತ ನೋಡ್ಬೇಕಲ್ಲ ಮೋಳೆ?"

ಮೋಳೆ ಎಂದರೆ ಮಗಳೇ, ಮುಡಿ ಎಂದರೆ ಬೈಹುಲ್ಲು ಸುತ್ತಿ ಕಟ್ಟಿದ ಅಕ್ಕಿಯ ಮೂಟೆ. ನಮ್ಮ ಕ್ಲಾಸಿನಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಅದು. ನಾನು ನಕ್ಕುಬಿಟ್ಟೆ.

ಚೇಚಿಗೆ ಒಂದು ದನ ಇತ್ತು. ಅಮ್ಮಿಣಿ ಎಂದು ಹೆಸರು. ಅದರ ಹಾಲು ಸೊಸೈಟಿಗೆ ಹೋಗುತ್ತಿತ್ತು. ಸೊಸೈಟಿ ಚೇಚಿಯ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಮೊದಲು ನಿಂತಿರುತ್ತಿದ್ದವರು ಅವರೇ. ಕರೆದ ಹಾಲನ್ನು ಕ್ಯಾನಿಗೆ ಹಾಕಿ, ನೊಣ ಕೂರಬಾರದೆಂದು ಕ್ಯಾನಿಗೆ ಬೈರಾಸು, ಅಂದರೆ ಮೈ ಒರೆಸುವ ದಪ್ಪ ಬಟ್ಟೆ, ಸುತ್ತಿ ತರುತ್ತಿದ್ದರು. ಬೇರೆಯವರೆಲ್ಲ ಎರಡು ಮೂರು ಮೈಲಿ ದೂರದಿಂದ ನಡೆದೋ ಜೀಪಿನಲ್ಲೋ ಬರಬೇಕು.

ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವವರನ್ನು ನಾವು ಟೆಸ್ಟರಣ್ಣ ಎನ್ನುತ್ತಿದ್ದೆವು. ಅವರ ಕೆಲಸ ನೋಡಲು ಸುಲಭ. ಒಂದೊಂದು ಮನೆಯ ಹಾಲನ್ನು ಉದ್ದದ ಜಾರಿಗೆ ಹೊಯ್ದು ಅದರಲ್ಲಿ ಲ್ಯಾಕ್ಟೋಮೀಟರ್ ತೇಲಿಬಿಡುವುದು. ಹಾಲು ದಪ್ಪ ಇದ್ದರೆ ಅದು ಮೇಲೆ ನಿಲ್ಲುತ್ತದೆ, ದೊಡ್ಡ ಅಂಕಿ ತೋರಿಸುತ್ತದೆ. ನೀರು ಸೇರಿದ್ದರೆ ಕೆಳಗೆ ಮುಳುಗುತ್ತದೆ, ಅಂಕಿ ಕಡಿಮೆ. ಆ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು. ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಬೇಕಾಗಿ ಬಂದಾಗ, ಸೈನ್ಸ್ ಓದುವ ಹುಡುಗಿ ಊರಿನಲ್ಲೇ ಉಂಟಲ್ಲ ಎಂದು ನನ್ನನ್ನು ಕೂರಿಸಿದರು. ಎರಡು ಬೆಳಿಗ್ಗೆ ಕಲಿಸಿಕೊಟ್ಟರು, ನಾಲ್ಕೈದು ಮನೆಯದ್ದು ನೋಡಿ ನಾನು ಎದ್ದು ಬಂದಿದ್ದೆ. ಹೊರಡುವ ದಿನ ಪುತ್ತೂರಿನ ಬಸ್ಸು ಬರುವ ಹೊತ್ತಿಗೆ ಚೀಲ ಎತ್ತಿಕೊಳ್ಳುತ್ತ, "ಚೇಚಿದ್ದು ಮಾತ್ರ ಕೊನೆಗೆ ನೋಡು, ಆಯ್ತಾ? ಮರೀಬೇಡ" ಎಂದರು.

ಯಾಕೆ ಎಂದು ಕೇಳಿದೆ. ಬಸ್ಸು ಬಂದೇ ಬಿಟ್ಟಿತು. "ನೋಡು ಅಷ್ಟೆ" ಎಂದು ಹತ್ತಿದರು.

ನನಗೆ ಆಗ ಇಪ್ಪತ್ತು ವರ್ಷ. ಆ ಪ್ರಾಯದಲ್ಲಿ ನ್ಯಾಯ ಅನ್ಯಾಯ ಎಲ್ಲ ಗೆರೆ ಎಳೆದ ಹಾಗೆ ಕಾಣುತ್ತದೆ. ಮೊದಲು ಬಂದವರದ್ದನ್ನು ಕೊನೆಗೆ ನೋಡುವುದು ಯಾವ ಸೀಮೆಯ ನ್ಯಾಯ? ಮೊದಲ ದಿನವೇ ಚೇಚಿಯದ್ದನ್ನು ಮೊದಲು ನೋಡಿದೆ. ಅವರು, "ಟೆಸ್ಟರ್ ಕೊನೆಗೆ ನೋಡುದಲ್ವಾ ಮೋಳೆ" ಎಂದು ಮೆಲ್ಲಗೆ ಹೇಳಿದರು. "ಇಲ್ಲ ಚೇಚಿ, ನಾನು ಬಂದ ಮೇಲೆ ಸಾಲು ಅಂದರೆ ಸಾಲೇ" ಎಂದೆ. ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಅಂಕಿ ಇಪ್ಪತ್ತಾರೂವರೆ ಬಂತು. ಮರುದಿನ ಇಪ್ಪತ್ತಾರು. ಮತ್ತೊಂದು ದಿನ ಇಪ್ಪತ್ತೇಳು. ಬೇರೆಯವರದ್ದು ಇಪ್ಪತ್ತೆಂಟು, ಮೂವತ್ತು, ಇಪ್ಪತ್ತೇಳು, ಇಪ್ಪತ್ತೊಂಬತ್ತು, ಹೀಗೆ ಏನೇನೋ. ಎಲ್ಲ ಬರೆದೆ.

ಮಳೆ ಹಿಡಿದ ಎರಡನೇ ವಾರ ಹಾಲು ಕೊಂಡೊಯ್ಯುವ ವ್ಯಾನಿನವರು ದೂರು ತಂದರು. ನಮ್ಮ ಸೊಸೈಟಿಯ ಹಾಲು ತೆಳುವಾಗಿದೆಯಂತೆ. ಇನ್ನೂ ಹೀಗೇ ಆದರೆ ಇಡೀ ಹಾಲನ್ನೇ ವಾಪಸು ಕಳಿಸುತ್ತಾರಂತೆ. ಸೊಸೈಟಿಯ ಅಧ್ಯಕ್ಷರು ಮಧ್ಯಾಹ್ನವೇ ಎಲ್ಲರನ್ನೂ ಕರೆಸಿದರು. ಅವರದ್ದು ಊರಿನ ದೊಡ್ಡ ಮನೆ, ಏರುಸ್ವರದಲ್ಲಿ ಮಾತಾಡಿ ಗೊತ್ತಿಲ್ಲದವರು, ಮಾತಾಡುವ ಅಗತ್ಯವೂ ಇರಲಿಲ್ಲ. "ಯಾರೋ ನೀರು ಹಾಕ್ತಿದ್ದಾರೆ" ಎಂದರು. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಆಮೇಲೆ ಅಧ್ಯಕ್ಷರು ನನ್ನ ಕಡೆ ತಿರುಗಿ, "ಪುಸ್ತಕ ನಿನ್ನ ಕೈಯಲ್ಲುಂಟಲ್ಲ ಮಾರಾಯ್ತಿ. ನಾಳೆ ನೀನೇ ಹೇಳು" ಎಂದರು.

ನನಗೆ ಕೊಂಬು ಬಂತು. ಊರಿನ ದೊಡ್ಡವರೆಲ್ಲ ಸೇರಿದ ಸಭೆಯಲ್ಲಿ ನನ್ನ ವಿದ್ಯೆಗೆ ಕೆಲಸ ಸಿಕ್ಕಿತ್ತು. ಆ ವರ್ಷದ ಕೊನೆಯ ಪಾಠ ಕಾನ್ಫಿಡೆನ್ಸ್ ಇಂಟರ್ವಲ್. ಎಲ್ಲವನ್ನೂ ಅಳೆಯಲು ಆಗದಿದ್ದಾಗ ಕೆಲವನ್ನು ಮಾತ್ರ ಚೀಟಿ ಎತ್ತಿ ಆರಿಸಬೇಕು, ಆರಿಸಿದ್ದರ ಸರಾಸರಿ ತೆಗೆಯಬೇಕು, ಆ ಸರಾಸರಿಯ ಆಚೆ ಈಚೆ ಎರಡು ಗೆರೆ ಹಾಕಬೇಕು. ಇಡೀ ಊರಿನ ನಿಜವಾದ ಸರಾಸರಿ ಆ ಎರಡು ಗೆರೆಗಳ ನಡುವೆ ಇದೆ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಪರೀಕ್ಷೆಯಲ್ಲಿ ಅದಕ್ಕೆ ನನಗೆ ಪೂರ್ತಿ ಮಾರ್ಕು ಬಂದಿತ್ತು.

ಪುಸ್ತಕದಲ್ಲಿದ್ದ ಅಂಕಿಗಳನ್ನೆಲ್ಲ ಚೀಟಿಗಳಲ್ಲಿ ಬರೆದು ಬಿಸ್ಕೆಟ್ ಡಬ್ಬದಲ್ಲಿ ಹಾಕಿ ಕುಲುಕಿದೆ. ಕಣ್ಣು ಮುಚ್ಚಿ ಮೂವತ್ತಾರು ಚೀಟಿ ಎತ್ತಿದೆ. ಅಮ್ಮ ಹೊಲಿಗೆ ನಿಲ್ಲಿಸಿ, ಇವಳಿಗೆ ಎಂತಾಯ್ತು ಎಂಬ ಹಾಗೆ ನೋಡುತ್ತಿದ್ದಳು. ಸರಾಸರಿ ಇಪ್ಪತ್ತೆಂಟು ಬಂತು. ಅಂಕಿಗಳು ಒಂದರಿಂದ ಒಂದು ಎಷ್ಟು ಚದರಿವೆ ಎಂದು ಲೆಕ್ಕ ಹಾಕಿದೆ, ಮೂವತ್ತಾರರ ವರ್ಗಮೂಲ ಆರರಿಂದ ಭಾಗಿಸಿದೆ, ಎರಡರಿಂದ ಗುಣಿಸಿದೆ, ಅರ್ಧ ಬಂತು. ಇಪ್ಪತ್ತೇಳೂವರೆಯಿಂದ ಇಪ್ಪತ್ತೆಂಟೂವರೆಯವರೆಗೆ. ಲೆಕ್ಕದಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ.

ಮರುದಿನ ಸೊಸೈಟಿಯ ಕಪ್ಪು ಹಲಗೆಯ ಮೇಲೆ ಆ ಎರಡು ಅಂಕಿಗಳನ್ನು ದೊಡ್ಡದಾಗಿ ಬರೆದೆ. "ಸರಿಯಾದ ಹಾಲು ಇದರ ಒಳಗೆ ಬರ್ತದೆ. ನೂರಕ್ಕೆ ತೊಂಬತ್ತೈದು ಖಂಡಿತ" ಎಂದೆ.

ನೂರಕ್ಕೆ ತೊಂಬತ್ತೈದು ಎಂದು ಕೇಳಿದ ಕೂಡಲೇ ಎಲ್ಲರೂ ತಲೆ ಆಡಿಸಿದರು. ಕೋರ್ಟಿನಲ್ಲಿ ಕೂಡ ಅಷ್ಟು ಖಂಡಿತವಾಗಿ ಯಾರೂ ಹೇಳುವುದಿಲ್ಲ ಎಂದು ಯಾರೋ ಅಂದರು. ಅಧ್ಯಕ್ಷರು ಕೇಳಿದರು: "ದಿನಾ ಇದರ ಕೆಳಗೆ ಬರುದು ಯಾರದ್ದು?"

ಪುಸ್ತಕ ತೆರೆದು ನೋಡಬೇಕಾಗಿರಲಿಲ್ಲ. ದಿನಾ ಮೊದಲ ಸಾಲಿನಲ್ಲಿ ಬರೆಯುತ್ತಿದ್ದದ್ದು ಚೇಚಿಯದ್ದೇ. ಹೆಸರು ಹೇಳಿದೆ. ಅಧ್ಯಕ್ಷರ ಮನೆಯ ಹಾಲು ಎಷ್ಟೋ ದಿನ ಇಪ್ಪತ್ತೇಳು ಬಂದಿತ್ತು, ಅದೂ ಗೆರೆಯ ಹೊರಗೇ. ಮೂವತ್ತು ಬಂದವರೂ ಹೊರಗೇ. ಪುಸ್ತಕದ ಒಂದು ಪುಟ ತೆರೆದು ಬೆರಳಿಟ್ಟು ಎಣಿಸಿದ್ದರೆ ಸಾಕಿತ್ತು, ಊರಿಗೆ ಊರೇ ಹೊರಗೆ ಎಂದು ಕಾಣುತ್ತಿತ್ತು. ನಾನು ಎಣಿಸಲಿಲ್ಲ. ಅದೂ ಸಾಲದು ಎಂಬಂತೆ, "ಟೆಸ್ಟರಣ್ಣ ಚೇಚಿಯದ್ದನ್ನು ಕೊನೆಗೆ ನೋಡು ಅಂದಿದ್ರು" ಎಂದುಬಿಟ್ಟೆ. ಅಲ್ಲಿಯವರೆಗೆ ಇದ್ದ ಅನುಮಾನ ಆ ಒಂದು ಮಾತಿನಿಂದ ಗಟ್ಟಿಯಾಯಿತು. ಇಬ್ಬರೂ ಸೇರಿಕೊಂಡಿದ್ದಾರೆ ಎಂದು ಎಲ್ಲರ ಮುಖದಲ್ಲಿ ಬರೆದಿತ್ತು.

ಚೇಚಿಯನ್ನು ಕರೆಸಿದರು. ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು, ಹಲಗೆಯನ್ನು ಹಾಗೇ ಓದಿದರು. ಅಧ್ಯಕ್ಷರು ವಿಷಯ ಹೇಳಿದರು. ಅವರು ಅಧ್ಯಕ್ಷರನ್ನು ನೋಡಲೇ ಇಲ್ಲ, ನನ್ನನ್ನು ನೋಡಿದರು.

"ಮೋಳೆ, ನಾನು ನೀರು ಹಾಕಿದೆ ಅಂತ ನೀನು ಹೇಳುದಾ?"

"ನಾನು ಹೇಳುದಲ್ಲ ಚೇಚಿ. ಲೆಕ್ಕ ಹೇಳುದು."

ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಹಲಗೆಯನ್ನು ಇನ್ನೊಮ್ಮೆ ನೋಡಿ, "ಲೆಕ್ಕಕ್ಕೆ ನಾನು ಎಂತ ಉತ್ತರ ಕೊಡುದು" ಎಂದರು. ಮೂಲೆಯಲ್ಲಿದ್ದ ತಮ್ಮ ಕ್ಯಾನನ್ನು ಎತ್ತಿಕೊಂಡರು. ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಹೋದರು.

ಮರುದಿನದಿಂದ ಅವರು ಹಾಲು ತರಲಿಲ್ಲ. ಒಂದು ವಾರದಲ್ಲಿ ವ್ಯಾನಿನವರ ದೂರೂ ನಿಂತಿತು. ಇನ್ನೇನು ಬೇಕು? ಅಧ್ಯಕ್ಷರು ಎಲ್ಲರ ಎದುರು ನನ್ನ ಬೆನ್ನು ತಟ್ಟಿದರು. ಹಾಲು ಒಂದು ವಾರ ತೆಳುವಾಗುತ್ತದೆ, ಒಂದು ವಾರ ದಪ್ಪವಾಗುತ್ತದೆ, ಯಾರೂ ಏನೂ ಮಾಡದಿದ್ದರೂ ಅಂಕಿಗಳು ಏರುತ್ತವೆ, ಇಳಿಯುತ್ತವೆ. ಅದನ್ನು ಕಲಿಯುವುದಕ್ಕೆಂದೇ ನಾನು ಪುತ್ತೂರಿಗೆ ಹೋಗುತ್ತಿದ್ದದ್ದು. ಆದರೆ ಹೊಗಳಿಕೆ ಬಾಗಿಲಿಗೆ ಬಂದಾಗ ಅದೆಲ್ಲ ಯಾರಿಗೆ ನೆನಪಿರುತ್ತದೆ?

ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ, "ಚೇಚಿ ಅಂಥವಳಲ್ಲ" ಎಂದಳು. ನಾನು ತೊಂಬತ್ತೈದರ ವಿಷಯ ವಿವರಿಸಿದೆ. "ಅದೆಲ್ಲ ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಅವಳ ಕೈಯ ಚಾ ಕುಡಿದಿದ್ದೇನೆ" ಎಂದು ಮೆಷಿನಿಗೆ ಕಾಲು ಕೊಟ್ಟಳು. ಇಪ್ಪತ್ತು ವರ್ಷ, ದಿನಕ್ಕೊಂದು ಸಲ. ನನ್ನ ಮೂವತ್ತಾರು ಚೀಟಿಗಿಂತ ಅದು ಎಷ್ಟು ದೊಡ್ಡ ಸ್ಯಾಂಪಲ್ ಎಂದು ಯೋಚಿಸುವ ಬುದ್ಧಿ ನನಗೆ ಇರಲಿಲ್ಲ.

ಆ ಮಳೆಗಾಲ ಮುಗಿಯುವುದರೊಳಗೆ ಅಮ್ಮಿಣಿಯನ್ನು ಸುಳ್ಯದ ಕಡೆಯವರು ಯಾರೋ ಬಂದು ಪಿಕಪ್ಪಿನಲ್ಲಿ ಹತ್ತಿಸಿಕೊಂಡು ಹೋದರು. ಚೇಚಿ ಒಂದಿಷ್ಟು ದೂರ ಅದರ ಹಿಂದೆ ನಡೆದು ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅವರ ಜಗಲಿಗೆ ನಾನು ಮತ್ತೆ ಹೋಗಲಿಲ್ಲ. ಆದರೆ ಮರಗೆಣಸು ಬೇಯಿಸಿದ ದಿನ ಅವರು ಅಮ್ಮನ ಕೈಯಲ್ಲಿ ನನ್ನ ಪಾಲು ಕಳಿಸುತ್ತಿದ್ದರು. ನಾನು ತಿನ್ನುತ್ತಿದ್ದೆ ಕೂಡ… ಟೆಸ್ಟರಣ್ಣ ಆಪರೇಷನ್ ಮುಗಿಸಿ ಬಂದವರು ಮತ್ತೆ ಕೆಲಸಕ್ಕೆ ಸೇರಲಿಲ್ಲ. ಕಣ್ಣು ಸರಿಯಾಗಿಲ್ಲವೇನೋ ಎಂದುಕೊಂಡೆ. ಅದಕ್ಕಿಂತ ಮುಂದೆ ಯೋಚಿಸಲು ನನಗೂ ಇಷ್ಟವಿರಲಿಲ್ಲ.

ಎಂ.ಎಸ್ಸಿ. ಆಯಿತು, ಕೆಲಸ ಆಯಿತು. ಅಮ್ಮನನ್ನು ಕಡಬಕ್ಕೆ ಕರೆಸಿಕೊಂಡೆ, ಊರಿನ ಮನೆ ಮಾರಿದೆವು. ಅಮ್ಮ ಇರುವ ತನಕ ಕ್ರಿಸ್ಮಸ್ಸಿಗೆ ಚೇಚಿಯ ಫೋನು ಬರುತ್ತಿತ್ತು. "ಮೋಳ್ ಚೆನ್ನಾಗಿದ್ದಾಳಾ" ಎಂದು ಕೇಳುತ್ತಿದ್ದರಂತೆ. ನಾನು ಫೋನು ತೆಗೆದುಕೊಳ್ಳುತ್ತಿರಲಿಲ್ಲ. ನೆಲ್ಯಾಡಿ ಕಡಬದಿಂದ ಎಷ್ಟು ದೂರ? ಬಸ್ಸು ಸಿಕ್ಕಿದರೆ ಒಂದು ಗಂಟೆಯೂ ಬೇಡ. ಹೋಗದಿರಲು ಕಾರಣ ದೂರವಲ್ಲ.

ಎರಡು ವರ್ಷದ ಹಿಂದೆ ಅದೇ ಪಾಠ ಮಾಡುತ್ತಿದ್ದೆ. ಮಕ್ಕಳಿಗೆ ಸುಲಭವಾಗಲಿ ಎಂದು ಅವರವರ ಎತ್ತರವನ್ನೇ ಅಳೆಸಿದ್ದೆ. ಚೀಟಿ ಎತ್ತಿಸಿದೆ, ಸರಾಸರಿ ತೆಗೆದೆ, ಬೋರ್ಡಿನ ಮೇಲೆ ಎರಡು ಗೆರೆ ಎಳೆದೆ. ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ, ಬಾಯಿ ಮಾತ್ರ ಜೋರು. "ಮಿಸ್, ನಾನು ಈ ಗೆರೆಯ ಒಳಗೆ ಇಲ್ಲ. ಇವಳೂ ಇಲ್ಲ. ನಾನು ಎಣಿಸಿದೆ, ಮುಕ್ಕಾಲು ಕ್ಲಾಸೇ ಹೊರಗೆ. ನಾವು ಎಂತ ತಪ್ಪು ಮಾಡಿದ್ದು?"

ಎಲ್ಲರೂ ನಕ್ಕರು. ನಾನೂ ನಕ್ಕು ಉತ್ತರ ಕೊಡಲು ಶುರು ಮಾಡಿದೆ. ಈ ಗೆರೆಗಳು ನಿನಗೆ ಹಾಕಿದ್ದಲ್ಲ, ಸರಾಸರಿಗೆ ಹಾಕಿದ್ದು. ಇಡೀ ಕ್ಲಾಸಿನ ಸರಾಸರಿ ಎಲ್ಲಿರಬಹುದು ಎಂದು ಮಾತ್ರ ಇವು ಹೇಳುತ್ತವೆ. ಒಬ್ಬೊಬ್ಬರು ಇದರ ಆಚೆ ಈಚೆ ಎಷ್ಟು ದೂರ ಬೇಕಾದರೂ ಇರಬಹುದು. ನಾವು ಮತ್ತೆ ಚೀಟಿ ಎತ್ತಿದರೆ ಗೆರೆಗಳೇ ಜಾಗ ಬದಲಿಸುತ್ತವೆ. ಹಾಗೆ ನೂರು ಸಲ ಎತ್ತಿದರೆ ತೊಂಬತ್ತೈದರಷ್ಟು ಸಲ ನಿಜವಾದ ಸರಾಸರಿ ಗೆರೆಗಳ ನಡುವೆ ಸಿಗುತ್ತದೆ. ತೊಂಬತ್ತೈದು ಎನ್ನುವುದು ನಾವು ಚೀಟಿ ಎತ್ತುವ ಕ್ರಮದ ಬಗ್ಗೆ ಹೇಳುವ ಮಾತು. ಒಬ್ಬ ವ್ಯಕ್ತಿಯ ಬಗ್ಗೆ, ಇವಳು ಸರಿ, ಇವಳು ತಪ್ಪು ಎಂದು…

ಮಾತನ್ನು ಅಲ್ಲಿಗೇ ಬಿಟ್ಟು ಚಾಕ್‌ಪೀಸು ಕೆಳಗಿಟ್ಟೆ. ನೀರು ಕುಡಿದು ಬರುತ್ತೇನೆ ಎಂದು ಹೊರಗೆ ಬಂದವಳು ಗಂಟೆ ಹೊಡೆಯುವ ತನಕ ಒಳಗೆ ಹೋಗಲಿಲ್ಲ.

ಅಲ್ಲಿಯವರೆಗೆ ನನಗೆ ಇದು ಗೊತ್ತೇ ಇರಲಿಲ್ಲ ಎಂದು ಬರೆದರೆ ಓದುವವರು ಒಪ್ಪಬಹುದು, ನಾನು ಒಪ್ಪಲಾರೆ. ಎಂ.ಎಸ್ಸಿ.ಯಲ್ಲಿ ಇದೇ ವ್ಯತ್ಯಾಸದ ಮೇಲೆ ಉತ್ತರ ಬರೆದು ಮಾರ್ಕು ತೆಗೆದುಕೊಂಡಿದ್ದೇನೆ. ಬರೆಯುವಾಗ ಒಂದು ಕಪ್ಪು ಹಲಗೆ ಕಣ್ಣ ಮುಂದೆ ಬಂದಿತ್ತು, ನಾನು ಪುಟ ತಿರುಗಿಸಿದ್ದೆ. ಪಾಠ ಅರ್ಥವಾಗಲು ಒಂದು ವರ್ಷ ಸಾಕಾಗಿತ್ತು. ಅದು ನನ್ನ ಬಗ್ಗೆಯೂ ಇದೆ ಎಂದು ಒಪ್ಪಲು ಇಷ್ಟು ವರ್ಷ ಬೇಕಾಯಿತು. ಆ ಹುಡುಗಿ ಕೇಳಿದ ಮೇಲಾದರೂ ಹೋದೆನೇ? ಹೋಗಲಿಲ್ಲ. ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಮಳೆ ಬಿಡಲಿ ಎಂದುಕೊಂಡೆ. ಹೋಗಿ ಏನು ಹೇಳುವುದು ಎಂದು ಬಾಯಿಪಾಠ ಮಾಡಿಕೊಂಡೆ, ಮರೆತೆ.

ಆ ಲ್ಯಾಕ್ಟೋಮೀಟರ್ ಕಂಡ ದಿನ ಸಂಜೆ ನಾನು ನೇರವಾಗಿ ಟೆಸ್ಟರಣ್ಣನ ಮನೆಗೆ ಹೋದೆ. ಅವರು ಈಗ ಕಡಬದಲ್ಲೇ ಮಗಳ ಮನೆಯಲ್ಲಿದ್ದಾರೆ. ಪೇಟೆಯಲ್ಲಿ ಎಷ್ಟೋ ಸಲ ಎದುರು ಸಿಕ್ಕಿದ್ದರು. ನಾನು ಕೈ ಮುಗಿದು, ಬಸ್ಸಿಗೆ ಹೊತ್ತಾಯಿತು ಎಂದು ಜಾರಿಕೊಳ್ಳುತ್ತಿದ್ದೆ. ಅಂದು ಚಾ ತಂದಿಡುವ ಮೊದಲೇ ಕೇಳಿದೆ: "ಚೇಚಿಯದ್ದನ್ನು ಕೊನೆಗೆ ನೋಡು ಅಂದದ್ದು ಯಾಕೆ ಅಣ್ಣ?"

"ಈಗ ಕೇಳುದಾ ನೀನು?" ಎಂದರು. ಆಮೇಲೆ ಹೇಳಿದರು. "ಅವರದ್ದು ಬಿಸಿ ಹಾಲು ಮಾರಾಯ್ತಿ. ದನದ ಕೆಚ್ಚಲಿನಿಂದ ಸೀದಾ ಸೊಸೈಟಿಗೆ. ಅದರ ಮೇಲೆ ಬೈರಾಸು ಬೇರೆ ಸುತ್ತುದು. ಬಿಸಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ರೆ ಅದು ಮುಳುಗುದೇ, ಕಡಿಮೆಯೇ ತೋರಿಸುದು. ಅಗಲದ ಪಾತ್ರೆಗೆ ಹೊಯ್ದು ತಣಿಲಿಕ್ಕೆ ಇಡ್ಬೇಕು. ನಾನು ದಿನಾ ಹಾಗೇ ಮಾಡುದು. ನೀನು ಸೈನ್ಸ್ ಓದುವವಳು, ನಿನಗೆ ಗೊತ್ತಿರ್ತದೆ ಅಂತ ಗ್ರಹಿಸಿದೆ."

ಬಿಸಿಯಾದದ್ದು ಹಗುರಾಗುತ್ತದೆ ಎಂದು ನಾನು ಹೈಸ್ಕೂಲಿನಲ್ಲೇ ಕಲಿತಿದ್ದೆ.

"ಬಂದ ಮೇಲೆ ಹೇಳಬಹುದಿತ್ತಲ್ಲ" ಎಂದೆ. ನನ್ನ ಸ್ವರದಲ್ಲಿ ತಕರಾರು ಇದ್ದದ್ದಕ್ಕೆ ನನಗೇ ನಾಚಿಕೆಯಾಯಿತು.

"ಹೇಳ್ಲಿಕ್ಕೇ ಹೊರಟದ್ದು. ಕಣ್ಣಿಗೆ ಕಟ್ಟಿದ ಬಟ್ಟೆಯಲ್ಲೇ ಅಧ್ಯಕ್ಷರ ಮನೆಗೆ ಹೊರಟೆ. ಚೇಚಿ ದಾರಿಯಲ್ಲಿ ನಿಲ್ಲಿಸಿದ್ರು. ಬೇಡ ಅಂದ್ರು. ಮೋಳ್ ಕಲೀಲಿಕ್ಕೆ ಹೋಗುವ ಹುಡುಗಿ, ಊರೆಲ್ಲ ಅವಳ ಲೆಕ್ಕ ನೋಡಿ ನಗಾಡಿದ್ರೆ ಅವಳು ಮತ್ತೆ ಪುಸ್ತಕ ಮುಟ್ಟುದಿಲ್ಲ, ನೀವು ಬಾಯಿ ಬಿಟ್ರೆ ನನ್ನ ಮೇಲಾಣೆ ಅಂದ್ರು. ತನಗೂ ಹೇಗೂ ದನ ಕಟ್ಟಿ ಸಾಕಾಗಿದೆ ಅಂತ ಒಂದು ಸುಳ್ಳು ಬೇರೆ ಹೇಳಿದ್ರು." ಅವರು ಕನ್ನಡಕ ತೆಗೆದು ಒರೆಸಿದರು. "ಮತ್ತೆ ನಾನು ಹೇಳಿದ್ರೂ ಯಾರು ನಂಬುದು? ನನ್ನ ಹೆಸರೂ ಸೇರಿತ್ತಲ್ಲ ಅದರಲ್ಲಿ."

ನಾಳೆಯೇ ನೆಲ್ಯಾಡಿಗೆ ಹೋಗುತ್ತೇನೆ, ಚೇಚಿಯ ಕಾಲು ಹಿಡಿಯುತ್ತೇನೆ ಎಂದೆ. ಅವರಿಗೆ ನಾನು ಏನು ಹೇಳುತ್ತಿದ್ದೇನೆ ಎಂದು ಮೊದಲು ಅರ್ಥವಾಗಲಿಲ್ಲ.

"ನಿನಗೆ ಗೊತ್ತಿಲ್ವಾ? ಅವರು ತೀರಿಕೊಂಡು ವರ್ಷ ಆಗ್ತಾ ಬಂತು."

ನಾನು ಕೂತಲ್ಲೇ ಲೆಕ್ಕ ಹಾಕಿದೆ. ಆ ಗಿಡ್ಡ ಹುಡುಗಿ ಪ್ರಶ್ನೆ ಕೇಳಿದ ದಿನ ಚೇಚಿ ಇದ್ದರು. ಅದರ ನಂತರ ಇನ್ನೂ ಒಂದು ವರ್ಷ ಇದ್ದರು. ವಾರಕ್ಕೊಂದು ಭಾನುವಾರ ಇತ್ತು, ಗಂಟೆಗೊಂದು ಬಸ್ಸು ಇತ್ತು. ಟೆಸ್ಟರಣ್ಣನ ಮಗಳು ತಂದ ಚಾ ಅಲ್ಲೇ ಆರಿತು. ನಾನು ಅತ್ತೆ, ಅವರ ಮನೆಯವರೆಲ್ಲ ಇದ್ದಾರೆ ಎಂಬ ಪರಿವೆ ಇಲ್ಲದೆ ಅತ್ತೆ.

ಆದರೂ ಮರು ಭಾನುವಾರ ಬೆಳಿಗ್ಗೆ ಹೋದೆ. ಸೊಸೈಟಿಗೆ ಈಗ ತಾರಸಿ ಕಟ್ಟಡ. ಒಳಗೆ ಒಂದು ಮೆಷಿನು ಇಟ್ಟಿದ್ದಾರೆ, ಒಂದು ಸಣ್ಣ ಕಪ್ಪಿನಲ್ಲಿ ಹಾಲಿಟ್ಟರೆ ಎಲ್ಲವನ್ನೂ ಅದೇ ಹೇಳುತ್ತದೆ. ಅಧ್ಯಕ್ಷರು ಎಂದೋ ಹೋಗಿದ್ದಾರೆ. ನನ್ನ ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಏಳೆಂಟು ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದರು. ಮೆಷಿನಿನ ಹತ್ತಿರ ಕೂತಿದ್ದವನಿಗೆ ಮೂವತ್ತು ದಾಟಿರಲಿಕ್ಕಿಲ್ಲ. ರಬ್ಬರ್ ಟ್ಯಾಪಿಂಗಿನ ಚೇಟ್ಟನ ಹೆಂಡತಿ, ಇಲ್ಲೇ ಹಿಂದೆ ಇದ್ದವರು, ಅವರನ್ನು ಮಣ್ಣು ಮಾಡಿದ ಚರ್ಚು ಯಾವುದು ಎಂದು ಅವನನ್ನು ಕೇಳಿದೆ.

ಅವನು ಕೇಳಿದ: "ಯಾರು, ನೀರು ಚೇಚಿಯಾ?"

"ಎಂತಕ್ಕೆ ಹಾಗೆ ಹೇಳುದು?" ಎಂದು ಕೇಳಿದೆ.

"ಗೊತ್ತಿಲ್ಲ ಮೇಡಂ, ಎಲ್ಲರೂ ಹಾಗೇ ಹೇಳುದು. ನಾನು ಸಣ್ಣವ ಇರುವಾಗಿಂದ ಹಾಗೇ. ಹಿಂದೆ ಹಾಲಿಗೆ ನೀರು ಹಾಕ್ತಿದ್ರಂತೆ. ಯಾರೋ ಲೆಕ್ಕ ಮಾಡಿ ಹಿಡಿದದ್ದಂತೆ." ಹಗೆಯಿಂದ ಹೇಳಿದ್ದಲ್ಲ. ದಾರಿ ಹೇಳುವ ಹಾಗೆ ಹೇಳಿದ, ಜೊತೆಗೇ ರಸ್ತೆಯ ಆಚೆಯ ಚರ್ಚಿನತ್ತ ಕೈ ತೋರಿಸಿದ.

ಬೇರೆ ನಾಲ್ಕೈದು ಚೇಚಿಯರು ಆಮೇಲೆ ಬಂದು ನೆಲೆಸಿದ ಊರಿನಲ್ಲಿ ಒಬ್ಬರನ್ನು ಗುರುತಿಸಲು ಒಂದು ಹೆಸರು ಬೇಕಿತ್ತು, ನಾನು ಕೊಟ್ಟಿದ್ದೆ. ಅವರು ಆ ಹೆಸರಿನಲ್ಲೇ ಅಂಗಡಿಗೆ ಹೋಗಿದ್ದಾರೆ, ಬಸ್ಸು ಹತ್ತಿದ್ದಾರೆ, ಮುದುಕಿಯಾಗಿದ್ದಾರೆ.

"ಲೆಕ್ಕ ಮಾಡಿದ್ದು ನಾನು" ಎಂದೆ. "ಆ ಲೆಕ್ಕ ತಪ್ಪು. ಅವರು ಒಂದು ದಿನವೂ ನೀರು ಹಾಕಿರಲಿಲ್ಲ. ಹಾಲು ಬಿಸಿ ಇತ್ತು ಅಷ್ಟೆ, ತಣಿಯುವ ಮೊದಲೇ ನಾನು ನೋಡಿದ್ದು." ಕ್ಲಾಸಿನಲ್ಲಿ ಮಾತಾಡುವ ಸ್ವರದಲ್ಲೇ ಹೇಳಿದೆ, ಸಾಲಿನ ಕೊನೆಗೂ ಕೇಳಲಿ ಎಂದು.

"ಹೌದಾ ಮೇಡಂ" ಎಂದು ಅವನು ಮರ್ಯಾದೆಗೆ ನಕ್ಕ. ಮುಂದಿನವರ ಕಪ್ಪು ಮೆಷಿನಿಗೆ ಇಟ್ಟ, ಅದು ಗುರ್ರೆಂದಿತು. ಸಾಲಿನಲ್ಲಿದ್ದ ಒಬ್ಬ ಹೆಂಗಸು ಕಿವಿ ಮಂದವೋ ಏನೋ, ಮುಂದೆ ಬಗ್ಗಿ ಅವನನ್ನು ಕೇಳಿದಳು, "ಎಂತ ಅಂತೆ ಅವರು?"

"ಎಂತ ಇಲ್ಲ ಅಕ್ಕ, ನೀರು ಚೇಚಿಯ ಗುರ್ತದವರಂತೆ."

ಗುರ್ತದವಳು ಹೌದು ಎಂದೆ. ಉಳಿದದ್ದನ್ನು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ, ಆದರೆ ಸಾಲು ಮುಂದೆ ಸರಿದಿತ್ತು. ಅದನ್ನು ಕೇಳಬೇಕಾಗಿದ್ದವರು ರಸ್ತೆಯ ಆಚೆ ಚರ್ಚಿನ ಹಿಂದೆ ಮಲಗಿದ್ದರು.